ಪೈರು ಹಸಿರು, ತೆನೆ ಜೊಳ್ಳು: ಬರದಲ್ಲಿ ಕಾಳಿಗೆ ಏನಾಗುತ್ತದೆ?

ಬರಕ್ಕೆ ಪೈರು ಒಣಗುವುದು ಬೇರೆ, ಕಾಳು ಕಟ್ಟದೇ ಹೋಗುವುದು ಬೇರೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ: ಎಲೆ ಸುರುಳಿ ಸುತ್ತಿಕೊಳ್ಳುತ್ತದೆ, ಬಣ್ಣ ಮಾಸುತ್ತದೆ, ನೆಲ ಬಿರಿಯುತ್ತದೆ. ಎರಡನೆಯದು ಆಗುವಾಗ ಕಾಣುವುದೇ ಇಲ್ಲ. ಭತ್ತವೋ ಗೋಧಿಯೋ ಹೊಡೆಯಲ್ಲಿರುವಾಗ, ಅಂದರೆ ತೆನೆ ಇನ್ನೂ ಎಲೆಯ ಮಡಿಲಲ್ಲಿ ಅಡಗಿರುವಾಗ, ಕೆಲವೇ ದಿನ ನೀರಿನ ಕೊರತೆಯಾಗಿ, ಆಮೇಲೆ ಹದವಾದ ಮಳೆ ಬಂದಿತೆನ್ನಿ. ಪೈರು ಚೇತರಿಸಿಕೊಂಡು ಹಸಿರಾಗಿ ನಿಲ್ಲುತ್ತದೆ. ತೆನೆಯೂ ಹೊರಬರುತ್ತದೆ. ಕೊಯ್ಲು ಹತ್ತಿರವಾದಾಗ ತೆನೆಯನ್ನು ಬೆರಳಲ್ಲಿ ಹಿಸುಕಿ ನೋಡಿದರೆ ಅರ್ಧಕ್ಕರ್ಧ ಜೊಳ್ಳು. ಗಿಡ ಬದುಕಿತು, ಕಾಳು ಉಳಿಯಲಿಲ್ಲ.

ನೀರಿಲ್ಲದ್ದರಿಂದ ಹೀಗಾಯಿತು ಎಂದರೆ ತಪ್ಪಲ್ಲ, ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಮಳೆ ಬಂದ ಮೇಲೂ ಆ ಕಾಳುಗಳು ಏಕೆ ಮರಳಲಿಲ್ಲ? ಅದೇ ಕೊರತೆ ಮೂರು ವಾರ ತಡವಾಗಿ, ಹದವಾಗಿ ಬಂದಿದ್ದರೆ ಕೆಲವೊಮ್ಮೆ ಕಾಳು ಇನ್ನೂ ಬೇಗ ತುಂಬುತ್ತಿತ್ತಲ್ಲ, ಅದು ಹೇಗೆ? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಗಿಡದ ಹಾರ್ಮೋನುಗಳಲ್ಲಿದೆ. ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟಿ, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳು ಅವು. ಬರದಲ್ಲಿ ಅವುಗಳಲ್ಲಿ ಒಂದು ಎಲೆಯಲ್ಲಿ ಗಿಡವನ್ನು ಕಾಯುತ್ತದೆ, ಹೊಡೆಯೊಳಗೆ ಪರಾಗವನ್ನು ಕೆಡಿಸುತ್ತದೆ, ಹಾಲುಗಾಳಿನಲ್ಲಿ ಹಿಟ್ಟು ತುಂಬಿಸುತ್ತದೆ. ಸುದ್ದಿ ಒಂದೇ, ಕೇಳಿಸಿಕೊಳ್ಳುವ ಅಂಗ ಮತ್ತು ಹೊತ್ತು ಬೇರೆ.

ಆ ಹಾರ್ಮೋನಿನ ಹೆಸರು ಅಬ್ಸಿಸಿಕ್ ಆಮ್ಲ. 1960ರ ದಶಕದ ಆರಂಭದಲ್ಲಿ ಎರಡು ತಂಡಗಳು ಎರಡು ದಾರಿಗಳಿಂದ ಇದನ್ನು ಮುಟ್ಟಿದವು. ಅಮೆರಿಕದಲ್ಲಿ ಫ್ರೆಡರಿಕ್ ಆಡಿಕಾಟ್ ಅವರ ತಂಡ ಹತ್ತಿಯ ಎಳೆಕಾಯಿ ಏಕೆ ಉದುರುತ್ತದೆ ಎಂದು ಹುಡುಕುತ್ತಿತ್ತು. ಬ್ರಿಟನ್ನಿನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಮರದ ಮೊಗ್ಗು ಚಳಿಗಾಲದಲ್ಲಿ ಏಕೆ ಅರಳದೆ ಮಲಗಿರುತ್ತದೆ ಎಂದು ಕೇಳುತ್ತಿತ್ತು. ಇಬ್ಬರ ಕೈಗೂ ಸಿಕ್ಕಿದ್ದು ಒಂದೇ ವಸ್ತು. ಉದುರುವಿಕೆ ಎಂಬ ಅರ್ಥದ ಪದದಿಂದ ಅದಕ್ಕೆ ಹೆಸರು ಬಂತು. ಕಾಯಿ ಎಲೆಗಳನ್ನು ಉದುರಿಸುವ ಕೆಲಸದಲ್ಲಿ ಎಥಿಲೀನ್ ಎಂಬ ಬೇರೊಂದು ಹಾರ್ಮೋನಿನ ಪಾಲೇ ದೊಡ್ಡದು ಎಂದು ಆಮೇಲೆ ತಿಳಿಯಿತಾದರೂ ಹೆಸರು ಹಾಗೇ ಉಳಿದುಕೊಂಡಿತು. ಹೊಸದಾಗಿ ಓದುವವರನ್ನು ಈ ಹೆಸರು ಇಂದಿಗೂ ದಾರಿ ತಪ್ಪಿಸುತ್ತದೆ.

ಮಣ್ಣು ಒಣಗತೊಡಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಏರುತ್ತದೆ. ಎಲೆಯ ಮೇಲಿನ ಪ್ರತಿ ಪತ್ರರಂಧ್ರದ ಇಕ್ಕೆಲದಲ್ಲಿ ಒಂದೊಂದು ಕಾವಲು ಕೋಶವಿರುತ್ತದೆ. ಅವು ನೀರು ತುಂಬಿ ಬಿಗಿದಿದ್ದರೆ ರಂಧ್ರ ತೆರೆದಿರುತ್ತದೆ, ಸಡಿಲವಾದರೆ ಮುಚ್ಚುತ್ತದೆ. ಅಬ್ಸಿಸಿಕ್ ಆಮ್ಲ ಬಂದು ಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಕೂತಾಗ, ಅಲ್ಲಿಯವರೆಗೆ ಇಡೀ ವ್ಯವಸ್ಥೆಯನ್ನು ಹಿಡಿದಿಟ್ಟಿದ್ದ ಒಂದು ಕಿಣ್ವ ಕಟ್ಟಿಹಾಕಲ್ಪಡುತ್ತದೆ. ಅದರ ಹಿಡಿತದಿಂದ ಬಿಡುಗಡೆಯಾದ ಇನ್ನೊಂದು ಕಿಣ್ವ ಕೋಶದ ಪೊರೆಯ ದ್ವಾರಗಳನ್ನು ತೆರೆಸುತ್ತದೆ. ಪೊಟ್ಯಾಸಿಯಂ ಮೊದಲಾದ ಅಯಾನುಗಳು ಹೊರಗೆ ಹರಿಯುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ, ಕಾವಲು ಕೋಶ ಸಡಿಲವಾಗುತ್ತದೆ. ಈ ಗ್ರಾಹಕ ಯಾವುದೆಂದು ಗೊತ್ತಾದದ್ದು 2009ರಲ್ಲಿ, ಅದೂ ಎರಡು ತಂಡಗಳು ಪ್ರತ್ಯೇಕವಾಗಿ ಕಂಡುಕೊಂಡಾಗ. ಹಾರ್ಮೋನು ಸಿಕ್ಕು ನಾಲ್ಕು ದಶಕ ದಾಟಿದ ಮೇಲೆ!

ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವ ಬಾಗಿಲೂ ಅದೇ. ಅದಿಲ್ಲದೆ ಸಕ್ಕರೆ ತಯಾರಾಗುವುದಿಲ್ಲ, ಮತ್ತು ಕಾಳು ಎಂದರೆ ಬಹುಪಾಲು ಸಕ್ಕರೆಯನ್ನು ಪಿಷ್ಟವಾಗಿ ಕಟ್ಟಿಟ್ಟ ಗಂಟು. ಹಾಗಾಗಿ ಬರ ಕಾಳನ್ನು ಎರಡು ಕಡೆಯಿಂದ ಮುಟ್ಟುತ್ತದೆ: ಒಂದು, ಬರುವ ಆಹಾರ ಕಡಿಮೆಯಾಗುತ್ತದೆ, ಇನ್ನೊಂದು, ಬಂದ ಆಹಾರವನ್ನು ಬಳಸಬೇಕೋ ಬೇಡವೋ ಎಂಬ ಸೂಚನೆಯೇ ಬದಲಾಗುತ್ತದೆ. ಎರಡನೆಯದರ ಬಲ ಎಷ್ಟು ಎನ್ನುವುದು ಹೊಡೆಯೊಳಗೆ ಇಣುಕಿದಾಗ ತಿಳಿಯುತ್ತದೆ.

ಹೊಡೆಯೊಳಗಿನ ಕೆಲವು ದಿನಗಳು

ತೆನೆ ಇನ್ನೂ ಕೊನೆಯ ಎಲೆಯ ತೊಟ್ಟಿಲಲ್ಲಿ ಅಡಗಿರುವಾಗ, ಪರಾಗಕೋಶದೊಳಗೆ ತಾಯಿಕೋಶಗಳು ಒಡೆದು ನಾಲ್ಕು ನಾಲ್ಕಾಗಿ ಎಳೆಯ ಪರಾಗಕಣಗಳಾಗುತ್ತವೆ. ಇವು ಯಾವ ನಾಳದ ಜೊತೆಗೂ ನೇರ ಸಂಪರ್ಕವಿಲ್ಲದ ಒಂಟಿ ಕೋಶಗಳು. ಇವಕ್ಕೆ ಆಹಾರ ಕೊಡುವುದು ಪರಾಗಕೋಶದ ಒಳಗೋಡೆಗೆ ಅಂಟಿಕೊಂಡ ಟಪೀಟಮ್ ಎಂಬ ಒಂದೇ ಸಾಲಿನ ಪದರ. ಎಲೆಯಿಂದ ಬಂದ ಸುಕ್ರೋಸನ್ನು ಇನ್ವರ್ಟೇಸ್ ಎಂಬ ಕಿಣ್ವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಪರಾಗ ಅದನ್ನು ಉಂಡು ಬೆಳೆಯುತ್ತದೆ, ಕೊನೆಗೆ ತನ್ನೊಳಗೆ ಪಿಷ್ಟ ತುಂಬಿಕೊಳ್ಳುತ್ತದೆ. ಬಲಿತ ಪರಾಗಕ್ಕೆ ಅಯೋಡಿನ್ ಹಾಕಿದರೆ ಕಡುನೀಲಿಯಾಗುವುದು ಈ ಪಿಷ್ಟದಿಂದಲೇ.

ಧಾನ್ಯದ ಬೆಳೆಯ ಇಡೀ ಬದುಕಿನಲ್ಲಿ ಬರಕ್ಕೆ ಅತಿ ಬೇಗ ಮುರಿಯುವ ಗಳಿಗೆಗಳಲ್ಲಿ ಇದೂ ಒಂದು. ಆಸ್ಟ್ರೇಲಿಯಾದಲ್ಲಿ ಸೈನಿ ಮತ್ತು ಆಸ್ಪಿನಾಲ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹಳ ಚೊಕ್ಕವಾಗಿ ತೋರಿಸಿತು. ಪರಾಗದ ತಾಯಿಕೋಶಗಳು ಒಡೆಯುವ ಹೊತ್ತಿಗೆ ಗೋಧಿಗೆ ನೀರಿನ ಕೊರತೆ ಮಾಡಿದಾಗ ಕಾಳುಗಳ ಸಂಖ್ಯೆ ಕುಸಿಯಿತು. ತಪ್ಪಿದ್ದು ಗಂಡಿನ ಭಾಗವೋ ಹೆಣ್ಣಿನ ಭಾಗವೋ ಎಂದು ತಿಳಿಯಲು, ಬಳಲಿದ ಗಿಡದ ಹೂವಿಗೆ ನೀರುಂಡ ಗಿಡದ ಪರಾಗ ಹಾಕಿದರು. ಕಾಳು ಕಟ್ಟಿತು! ಅಂಡಾಶಯಕ್ಕೆ ಏನೂ ಆಗಿರಲಿಲ್ಲ, ಕೆಟ್ಟದ್ದು ಪರಾಗ. ಆ ಪರಾಗಕ್ಕೆ ಮುಂದೆ ಎಷ್ಟು ನೀರು ಕೊಟ್ಟರೂ ಪಿಷ್ಟ ತುಂಬಲಿಲ್ಲ. ಮಳೆ ಮರಳಿದರೂ ಕಾಳು ಮರಳದ ಗುಟ್ಟು ಇಲ್ಲಿದೆ: ನಷ್ಟವಾದ ದಿನ ಒಂದು, ಅದು ಕಣ್ಣಿಗೆ ಬೀಳುವ ದಿನ ಇನ್ನೊಂದು, ನಡುವೆ ವಾರಗಳ ಅಂತರ.

ಪರಾಗ ಬಾಯಾರಿ ಸತ್ತಿತೇ? ಅಲ್ಲ ಎನ್ನಲು ಬಲವಾದ ಕಾರಣವಿದೆ. ಧಾರಾಳವಾಗಿ ನೀರು ಸಿಕ್ಕ ಗೋಧಿಗೆ ಹೊರಗಿನಿಂದ ಅಬ್ಸಿಸಿಕ್ ಆಮ್ಲ ಕೊಟ್ಟರೂ ಬರ ಬಿದ್ದಂತೆಯೇ ಕಾಳು ಕಟ್ಟುವುದು ಕಡಿಮೆಯಾಗುತ್ತದೆ ಎಂದು 1980ರ ಸುಮಾರಿನ ಪ್ರಯೋಗಗಳೇ ತೋರಿಸಿದ್ದವು. ಅಂದರೆ ನೀರಿನ ಕೊರತೆ ಇಲ್ಲದಿದ್ದರೂ, ಕೊರತೆಯ ಸುದ್ದಿಯೊಂದೇ ಸಾಕು. ಈ ಸುದ್ದಿ ಪರಾಗಕೋಶ ತಲುಪಿದಾಗ ಇನ್ವರ್ಟೇಸ್ ತಯಾರಿಸುವ ಜೀನ್ ಮಂಕಾಗುತ್ತದೆ. ಸುಕ್ರೋಸ್ ಬಂದರೂ ಅದನ್ನು ಒಡೆದು ಉಣಿಸುವವರಿಲ್ಲ. ಊಟ ಅಂಗಳದವರೆಗೆ ಬಂದು ಮಗುವಿನ ಬಾಯಿಗೆ ಹೋಗದ ಸ್ಥಿತಿ.

ಚಳಿಯಲ್ಲೂ ಪರಾಗ ಹೀಗೇ ಕೆಡುತ್ತದೆ. ಬರವನ್ನೂ ಚಳಿಯನ್ನೂ ತಾಳಿಕೊಳ್ಳುವ ತಳಿಗಳಲ್ಲಿ ಏನು ಬೇರೆಯಾಗಿದೆ ಎಂದು ನೋಡಿದಾಗ, ಅವು ಪರಾಗಕೋಶದಲ್ಲಿ ಅಬ್ಸಿಸಿಕ್ ಆಮ್ಲ ಕೂಡಿಕೊಳ್ಳಲು ಬಿಡುವುದಿಲ್ಲ, ಒಡೆದು ಹಾಕುತ್ತವೆ ಎಂದು ಕಂಡುಬಂತು. ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಒಡೆಯುವ ಗೋಧಿಯ ಕಿಣ್ವದ ಜೀನನ್ನು ಭತ್ತಕ್ಕೆ ಸೇರಿಸಿ, ಅದು ಟಪೀಟಮ್ ಪದರದಲ್ಲಿ ಮಾತ್ರ ಕೆಲಸ ಮಾಡುವಂತೆ ಹೊಂದಿಸಿದರು. 2011ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಚಳಿಗೆ ಪರಾಗ ಕೆಡುವುದು ಕಡಿಮೆಯಾಯಿತು. ಎಲೆಯ ಕಾವಲು ಕೋಶಗಳಿಗೆ ಅಬ್ಸಿಸಿಕ್ ಆಮ್ಲದ ಸುದ್ದಿ ತಲುಪಬೇಕು, ಪರಾಗಕೋಶಕ್ಕೆ ತಲುಪಬಾರದು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವ ಆಲೋಚನೆ ಇದು. ಹಾರ್ಮೋನನ್ನು ಹೆಚ್ಚಿಸುವುದೋ ತಗ್ಗಿಸುವುದೋ ಎಂಬ ಪ್ರಶ್ನೆಯನ್ನೇ ಅದು ಪಕ್ಕಕ್ಕಿಟ್ಟು, ಎಲ್ಲಿ ಎಂದು ಕೇಳುತ್ತದೆ.

ಹೆಣ್ಣಿನ ಭಾಗವೇ ಸೋಲುವ ಬೆಳೆಯೂ ಇದೆ: ಮೆಕ್ಕೆಜೋಳ. ಗಂಡುಹೂ ಗಿಡದ ತುದಿಯಲ್ಲಿ, ತೆನೆ ಕಾಂಡದ ನಡುವಿನಲ್ಲಿ. ತೆನೆಯ ಪ್ರತಿ ಕಾಳಿಗೂ ಒಂದೊಂದು ರೇಷ್ಮೆಯಂಥ ಎಳೆ ಬೆಳೆದು ಹೊರಬಂದು ಪರಾಗ ಹಿಡಿಯಬೇಕು. ಆ ಎಳೆ ಉದ್ದವಾಗುವುದು ಕೋಶಗಳು ನೀರು ಕುಡಿದು ಹಿಗ್ಗುವುದರಿಂದ. ಹಾಗಾಗಿ ಬರ ಬಂದೊಡನೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ತುದಿಯ ಗಂಡುಹೂ ಮಾತ್ರ ತನ್ನ ಹೊತ್ತಿಗೆ ಪರಾಗ ಸುರಿಸಿ ಮುಗಿಸುತ್ತದೆ. ಮೆಕ್ಸಿಕೋದಲ್ಲಿರುವ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರದ ತಳಿಗಾರರು 1970ರ ದಶಕದಿಂದ ಗಂಡುಹೂ ಪರಾಗ ಸುರಿಸುವುದಕ್ಕೂ ಎಳೆ ಹೊರಬರುವುದಕ್ಕೂ ನಡುವಿನ ಅಂತರ ಕಡಿಮೆಯಿರುವ ಗಿಡಗಳನ್ನೇ ಸುತ್ತು ಸುತ್ತಾಗಿ ಆರಿಸುತ್ತ ಬಂದು ಬರದಲ್ಲೂ ಇಳುವರಿ ಹೆಚ್ಚಿಸಿದರು. ಹಾರ್ಮೋನು ಅಳೆಯುವ ಯಂತ್ರ ಬೇಕಾಗಲಿಲ್ಲ, ಹೂವಿನ ದಿನ ಬರೆದಿಟ್ಟುಕೊಳ್ಳುವುದೇ ಸಾಕಾಯಿತು.

ಪರಾಗ ಸೇರಿದ ಮೇಲೂ ಮೆಕ್ಕೆಜೋಳದ ತೆನೆಯ ತುದಿಯ ಕಾಳುಗಳು ಬರದಲ್ಲಿ ಬಾಡಿ ನಿಲ್ಲುತ್ತವೆ. ಅಮೆರಿಕದ ಜಾನ್ ಬಾಯರ್ ಮತ್ತು ಸಂಗಡಿಗರು 1991ರಲ್ಲಿ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು: ಒಣಗುತ್ತಿದ್ದ ಗಿಡದ ಕಾಂಡಕ್ಕೆ ಸಕ್ಕರೆಯಿದ್ದ ಪೋಷಕ ದ್ರವವನ್ನು ಹನಿಸಿದಾಗ, ಗಿಡ ಬಾಡಿಯೇ ಇದ್ದರೂ ಕಾಳು ಉಳಿಯಿತು. ಸಕ್ಕರೆಯ ಕೊರತೆಯೇ ಕಾರಣ ಎಂಬ ವಾದಕ್ಕೆ ಇದು ದೊಡ್ಡ ಬಲ. 2016ರಲ್ಲಿ ಫ್ರಾನ್ಸಿನ ತಂಡವೊಂದು, ಮಧ್ಯಮ ಬರದಲ್ಲಿ ಮೊದಲು ನಿಲ್ಲುವುದು ಎಳೆಗಳ ಬೆಳವಣಿಗೆ, ಸಕ್ಕರೆಯ ಕೊರತೆ ಕಾಣುವುದು ಆಮೇಲೆ ಎಂದು ತೋರಿಸಿತು. ಬರ ಎಷ್ಟು ತೀವ್ರ, ಯಾವ ದಿನ ಎಂಬುದರ ಮೇಲೆ ಎರಡರಲ್ಲಿ ಯಾವುದು ಮುಂದೆ ಬರುತ್ತದೆ ಎನ್ನುವುದು ಬದಲಾಗುತ್ತದೆ ಎಂದೇ ನಾನು ಇದನ್ನು ಓದುತ್ತೇನೆ.

ಚೀಲ ಎಷ್ಟು ದೊಡ್ಡದು?

ಪರಾಗ ತಲುಪಿತು, ಫಲ ಕಟ್ಟಿತು. ಇಲ್ಲಿ ಎರಡು ಕೂಡುವಿಕೆಗಳು ಒಟ್ಟಿಗೆ ನಡೆಯುತ್ತವೆ. ಒಂದು ಗಂಡುಬೀಜಾಣು ಅಂಡದ ಜೊತೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಎರಡು ಕೋಶಕೇಂದ್ರಗಳ ಜೊತೆ ಕೂಡಿ ಭ್ರೂಣಾಹಾರವಾಗುತ್ತದೆ. ನಾವು ತಿನ್ನುವ ಅಕ್ಕಿ, ಮೈದಾ, ರವೆ ಎಲ್ಲ ಈ ಭ್ರೂಣಾಹಾರ. ಮೊದಲ ಕೆಲವು ದಿನ ಇದರಲ್ಲಿ ಗೋಡೆಗಳೇ ಇರುವುದಿಲ್ಲ. ಒಂದೇ ದೊಡ್ಡ ಕೋಶದಲ್ಲಿ ಕೇಂದ್ರಗಳು ಇಮ್ಮಡಿಯಾಗುತ್ತ ಹೋಗುತ್ತವೆ. ಆಮೇಲೆ ಗೋಡೆ ಎದ್ದು ಕೋಶಗಳಾಗುತ್ತವೆ, ಅವು ಮತ್ತೆ ಒಡೆಯುತ್ತವೆ. ಗೋಧಿಯಲ್ಲಿ ಹೂ ಅರಳಿದ ಸುಮಾರು ಎರಡು ವಾರಕ್ಕೆ ಈ ಎಣಿಕೆ ಹೆಚ್ಚುಕಡಿಮೆ ಮುಗಿಯುತ್ತದೆ. ಪಿಷ್ಟ ತುಂಬಿಕೊಳ್ಳುವ ಚೀಲದ ಅಳತೆ ಅಲ್ಲಿಗೆ ಗೊತ್ತಾಯಿತು. ಮುಂದೆ ಎಷ್ಟೇ ಸಕ್ಕರೆ ಬರಲಿ, ಚಿಕ್ಕ ಚೀಲ ದೊಡ್ಡದಾಗುವುದಿಲ್ಲ.

ಕೋಶಗಳು ಒಡೆಯಲು ಹುರಿದುಂಬಿಸುವ ಹಾರ್ಮೋನು ಸೈಟೋಕೈನಿನ್. ಗಿಡಗಳಲ್ಲಿ ಸಹಜವಾಗಿರುವ ಮೊದಲ ಸೈಟೋಕೈನಿನ್ ಅನ್ನು 1960ರ ದಶಕದಲ್ಲಿ ಬೇರ್ಪಡಿಸಿದ್ದೇ ಮೆಕ್ಕೆಜೋಳದ ಎಳೆಗಾಳಿನಿಂದ. ಆ ಬೆಳೆಯ ವೈಜ್ಞಾನಿಕ ಹೆಸರಾದ ಝಿಯಾದಿಂದಲೇ ಅದಕ್ಕೆ ಝಿಯಾಟಿನ್ ಎಂಬ ಹೆಸರು ಬಂತು. ಎಳೆಗಾಳಿನಲ್ಲಿ ಅದು ಅಷ್ಟು ದಟ್ಟವಾಗಿರುವುದು ಆಕಸ್ಮಿಕವಲ್ಲ. ಫಲ ಕಟ್ಟಿದ ಮೊದಲ ದಿನಗಳಲ್ಲಿ ಅದರ ಮಟ್ಟ ಒಮ್ಮೆಲೇ ಏರಿ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈ ಏರಿಕೆಯ ಹೊತ್ತಿಗೆ ಬರ ಬಂದರೆ ಸೈಟೋಕೈನಿನ್ ಕುಗ್ಗಿ, ಅಬ್ಸಿಸಿಕ್ ಆಮ್ಲ ಹೆಚ್ಚಿ, ಕೋಶಗಳ ಎಣಿಕೆ ಅರ್ಧಕ್ಕೇ ನಿಲ್ಲುತ್ತದೆ. ಕೊಯ್ಲಿನಲ್ಲಿ ಕಾಳಿನ ಸಂಖ್ಯೆ ಸರಿಯಿದ್ದೂ ಪ್ರತಿ ಕಾಳು ಸಣ್ಣದಾಗುವುದಕ್ಕೆ ಇದೊಂದು ಕಾರಣ.

ಸೈಟೋಕೈನಿನ್ ಎಷ್ಟಿರಬೇಕು ಎನ್ನುವುದನ್ನು ಅದನ್ನು ಒಡೆಯುವ ಕಿಣ್ವವೂ ನಿರ್ಧರಿಸುತ್ತದೆ. ಜಪಾನಿನ ವಿಜ್ಞಾನಿಗಳು 2005ರಲ್ಲಿ, ಹೆಚ್ಚು ಕಾಳು ಕಟ್ಟುವ ಒಂದು ಭತ್ತದ ತಳಿಯಲ್ಲಿ ಈ ಒಡೆಯುವ ಕಿಣ್ವದ ಜೀನೇ ದುರ್ಬಲವಾಗಿದೆ ಎಂದು ತೋರಿಸಿದರು. ಹಾರ್ಮೋನು ಹೆಚ್ಚು ಹೊತ್ತು ಉಳಿದಿದ್ದರಿಂದ ತೆನೆಯಲ್ಲಿ ಹೂಗಳೇ ಹೆಚ್ಚಾಗಿದ್ದವು. ಆಕ್ಸಿನ್ ಎಂಬ ಹಾರ್ಮೋನೂ ಈ ಹಂತದಲ್ಲಿ ಬೇಕು. ಭ್ರೂಣಾಹಾರದಲ್ಲಿ ಅದನ್ನು ತಯಾರಿಸಲಾಗದ ಮೆಕ್ಕೆಜೋಳದ ಒಂದು ಬಗೆಯಲ್ಲಿ ಕಾಳು ಗಣನೀಯವಾಗಿ ಹಗುರವಾಗಿರುತ್ತದೆ.

ಹಾಲುಗಾಳಿನಲ್ಲಿ ಮಾತು ತಿರುಗುತ್ತದೆ

ಚೀಲ ಸಿದ್ಧವಾದ ಮೇಲೆ ತುಂಬುವ ಕೆಲಸ. ಕಾಳು ಒತ್ತಿದರೆ ಹಾಲು ಬರುವ ಹಂತದಿಂದ ಹಿಟ್ಟು ಗಟ್ಟಿಯಾಗುವವರೆಗೆ. ಇಲ್ಲಿಗೆ ಬಂದಾಗ ಅದೇ ಅಬ್ಸಿಸಿಕ್ ಆಮ್ಲದ ನಡವಳಿಕೆ ಬದಲಾಗುತ್ತದೆ.

ತುಂಬಲು ಬೇಕಾದ ಸಕ್ಕರೆ ಎರಡು ಮೂಲಗಳಿಂದ ಬರುತ್ತದೆ. ಒಂದು, ಆಗಷ್ಟೇ ಎಲೆಯಲ್ಲಿ ತಯಾರಾದದ್ದು. ಇನ್ನೊಂದು, ಹೂ ಬರುವ ಮೊದಲೂ ಆಮೇಲೂ ಕಾಂಡದಲ್ಲಿ ಕೂಡಿಟ್ಟದ್ದು: ಗೋಧಿಯಲ್ಲಿ ಹೆಚ್ಚಾಗಿ ಫ್ರಕ್ಟಾನ್ ಎಂಬ ರೂಪದಲ್ಲಿ, ಭತ್ತದಲ್ಲಿ ಪಿಷ್ಟ ಮತ್ತು ಸುಕ್ರೋಸ್ ರೂಪದಲ್ಲಿ. ನೀರು ಚೆನ್ನಾಗಿದ್ದಾಗ ಗೋಧಿಯ ಕಾಳಿನ ತೂಕದಲ್ಲಿ ಕಾಂಡದ ಈ ದಾಸ್ತಾನಿನ ಪಾಲು ಸುಮಾರು ಶೇ. 10ರಿಂದ 20. ಎಲೆಗಳು ಸೊರಗುವ ಬರದಲ್ಲಿ ಅದು ಶೇ. 50ರ ಆಸುಪಾಸಿಗೂ ಏರಬಹುದು. ನೀರು, ಸಾರಜನಕ ಎರಡೂ ಅತಿಯಾದ ಬೆಳೆ ಬಹಳ ಹೊತ್ತು ಹಸಿರಾಗಿಯೇ ನಿಂತು, ಕಾಂಡದ ದಾಸ್ತಾನನ್ನು ಬಿಚ್ಚದೆ ಒಣಹುಲ್ಲಿನಲ್ಲೇ ಬಿಟ್ಟುಹೋಗುವುದೂ ಉಂಟು.

ಚೀನಾದ ಯಾಂಗ್‌ಝೌ ವಿಶ್ವವಿದ್ಯಾಲಯದ ಜಿಯಾನ್‌ಚಾಂಗ್ ಯಾಂಗ್ ಮತ್ತು ಹಾಂಗ್‌ಕಾಂಗಿನ ಜಿಯಾನ್‌ಹುವಾ ಝಾಂಗ್ 2000ದ ನಂತರದ ವರ್ಷಗಳಲ್ಲಿ ಈ ದಾಸ್ತಾನಿನ ಹಿಂದೆ ಬಿದ್ದರು. ಹೂ ಮುಗಿದು ಸುಮಾರು ಒಂಬತ್ತು ದಿನ ಕಳೆದ ಮೇಲೆ ಭತ್ತ, ಗೋಧಿಗಳ ಮಣ್ಣನ್ನು ಮೆಲ್ಲಗೆ ಒಣಗಿಸಿದರು. ಹಗಲು ತುಸು ಬಾಡಿದ ಎಲೆ ರಾತ್ರಿ ಚೇತರಿಸಿಕೊಳ್ಳುವಷ್ಟು ಮಾತ್ರ. ಆಗ ಕಾಳಿನಲ್ಲಿ ಅಬ್ಸಿಸಿಕ್ ಆಮ್ಲ ಏರಿತು, ಕಾಂಡದ ದಾಸ್ತಾನು ಬೇಗ ಕರಗಿ ಕಾಳಿಗೆ ಹರಿಯಿತು, ಸುಕ್ರೋಸನ್ನು ಪಿಷ್ಟವಾಗಿಸುವ ಕಿಣ್ವಗಳು ಚುರುಕಾದವು. ತುಂಬುವ ಅವಧಿ ಕಡಿಮೆಯಾದರೂ ತುಂಬುವ ವೇಗ ಹೆಚ್ಚಿ ನಷ್ಟವನ್ನು ಸರಿದೂಗಿಸಿತು. ಅಬ್ಸಿಸಿಕ್ ಆಮ್ಲ ತಯಾರಾಗದಂತೆ ತಡೆದಾಗ ತುಂಬುವ ವೇಗ ಇಳಿಯಿತು. ಹೊಡೆಯೊಳಗೆ ಪರಾಗದ ಊಟ ತಡೆದ ಹಾರ್ಮೋನೇ ಇಲ್ಲಿ ಬಡಿಸುತ್ತಿದೆ.

ಹಾಗಾದರೆ ಕೊನೆಯ ಹಂತದಲ್ಲಿ ನೀರು ನಿಲ್ಲಿಸಿಬಿಡುವುದೇ ಒಳ್ಳೆಯದೇ? ಇಲ್ಲಿ ಎಥಿಲೀನ್ ಮಾತನಾಡುತ್ತದೆ. ಹಣ್ಣು ಮಾಗಿಸುವ ಅನಿಲವೆಂದು ನಮಗೆ ಪರಿಚಯವಿರುವ ಅದೇ ಹಾರ್ಮೋನು. ಮಣ್ಣು ತುಸು ಒಣಗಿದಾಗ ಕಾಳಿನಲ್ಲಿ ಎಥಿಲೀನ್ ಇಳಿಯುತ್ತದೆ, ಅಬ್ಸಿಸಿಕ್ ಆಮ್ಲ ಏರುತ್ತದೆ. ತೀವ್ರವಾಗಿ ಒಣಗಿದಾಗ ಎರಡೂ ಏರುತ್ತವೆ, ಎಥಿಲೀನ್ ಇನ್ನೂ ಹೆಚ್ಚಾಗಿ. ಆಗ ಎಲೆ ಬೇಗ ಮುದಿಯಾಗುತ್ತದೆ, ಕಾಳು ಮುರುಟುತ್ತದೆ. ಭತ್ತದ ತೆನೆಯಲ್ಲಿ ತುದಿಯ ಹೂಗಳು ಮೊದಲು ಅರಳಿ ಚೆನ್ನಾಗಿ ತುಂಬುತ್ತವೆ, ಬುಡದ ಕಡೆಯ ಹೂಗಳು ತಡವಾಗಿ ಅರಳಿ ಸಣಕಲಾಗುತ್ತವೆ. ಈ ಹಿಂದುಳಿದ ಕಾಳುಗಳಲ್ಲೇ ಎಥಿಲೀನ್ ಹೆಚ್ಚು. ಅದರ ತಯಾರಿಯನ್ನು ತಡೆದಾಗ ಅವೂ ಬೇಗ ತುಂಬಿದವು. ಆದ್ದರಿಂದ ಒಂದೊಂದು ಹಾರ್ಮೋನನ್ನು ಬಿಡಿಯಾಗಿ ಅಳೆದರೆ ಪೂರ್ತಿ ಕಥೆ ಸಿಗದು, ಎರಡರ ಅನುಪಾತವನ್ನು ನೋಡಬೇಕು. ಹದವಾದ ಒಣಗು, ಕಡು ಒಣಗು ಎರಡನ್ನೂ ಬರ ಎಂಬ ಒಂದೇ ಪದದಲ್ಲಿ ಕಟ್ಟುವುದು ಎಷ್ಟು ತಪ್ಪು ಎನ್ನುವುದು ನನಗೆ ಮನವರಿಕೆಯಾದದ್ದು ಈ ಅನುಪಾತವನ್ನು ಅರ್ಥಮಾಡಿಕೊಂಡ ಮೇಲೆ.

ಕಾಳು ಬಲಿತ ಮೇಲೆ ಅಬ್ಸಿಸಿಕ್ ಆಮ್ಲಕ್ಕೆ ಇನ್ನೊಂದು ಕೆಲಸವಿದೆ: ಭ್ರೂಣವನ್ನು ಮಲಗಿಸಿ, ಒಣಗಿದರೂ ಸಾಯದಂತೆ ಸಿದ್ಧಪಡಿಸುವುದು. ಅದನ್ನು ತಯಾರಿಸಲಾಗದ ಮೆಕ್ಕೆಜೋಳದ ಬಗೆಗಳಲ್ಲಿ ಕಾಳು ತೆನೆಯ ಮೇಲೇ ಮೊಳೆಯುತ್ತದೆ.

ಈ ತಿಳಿವಳಿಕೆ ಎಲ್ಲಿ ಕೆಲಸಕ್ಕೆ ಬರುತ್ತದೆ?

ಮೊದಲು ತಳಿಗಳ ಕಡೆ. ಅಮೆರಿಕದ ವಿಜ್ಞಾನಿಗಳು ಮೆಕ್ಕೆಜೋಳದಲ್ಲಿ ಎಥಿಲೀನಿನ ಮಾತಿಗೆ ಗಿಡ ತುಸು ಕಿವುಡಾಗುವಂತೆ ಮಾಡುವ ಆರ್ಗೋಸ್8 ಎಂಬ ಜೀನಿನ ಮುಂಭಾಗವನ್ನು ಕ್ರಿಸ್ಪರ್ ತಂತ್ರದಿಂದ ತಿದ್ದಿದರು. 2017ರಲ್ಲಿ ಪ್ರಕಟವಾದ ಹೊಲದ ಪರೀಕ್ಷೆಯಲ್ಲಿ, ಹೂ ಬರುವ ಹೊತ್ತಿನ ಬರದಲ್ಲಿ ಎಕರೆಗೆ 5 ಬುಷೆಲ್, ಅಂದರೆ ಸುಮಾರು 127 ಕಿಲೋ ಹೆಚ್ಚು ಇಳುವರಿ ಬಂತು. ನೀರಿದ್ದಾಗ ನಷ್ಟವೂ ಆಗಲಿಲ್ಲ. ಜೋಳದಲ್ಲಿ ಕೊನೆಯವರೆಗೂ ಎಲೆ ಹಸಿರಾಗಿ ಉಳಿಯುವ ಗುಣವನ್ನು ತಳಿಗಾರರು ಬಹುಕಾಲದಿಂದ ಆರಿಸುತ್ತಿದ್ದಾರೆ. ಎಲೆಯ ಮುಪ್ಪನ್ನು ಮುಂದೂಡುವುದರಲ್ಲಿ ಸೈಟೋಕೈನಿನ್ ಪಾತ್ರ ದೊಡ್ಡದು. ಬೇರಿನ ಕಡೆಯಿಂದಲೂ ಕೆಲಸ ನಡೆದಿದೆ. 2013ರಲ್ಲಿ ಜಪಾನಿನಲ್ಲಿ ಗುರುತಿಸಿದ ಡ್ರೋ1 ಎಂಬ ಭತ್ತದ ಜೀನ್ ಆಕ್ಸಿನ್ನಿನ ಅಂಕೆಯಲ್ಲಿದ್ದು, ಬೇರು ನೆಲಕ್ಕೆ ಹೆಚ್ಚು ನೇರವಾಗಿ ಇಳಿಯುವಂತೆ ಮಾಡುತ್ತದೆ. ಆಳದ ತೇವ ಸಿಕ್ಕ ಗಿಡಕ್ಕೆ ಬರದ ಸುದ್ದಿಯೇ ತಡವಾಗಿ ಮುಟ್ಟುತ್ತದೆ.

ಹಾರ್ಮೋನನ್ನು ಸಿಂಪಡಿಸಿ ಬರ ಗೆಲ್ಲಬಹುದು ಎಂಬ ಮಾತೂ ಕೇಳಿಬರುತ್ತದೆ. ಅಬ್ಸಿಸಿಕ್ ಆಮ್ಲ ಬೆಳಕಿಗೂ ಗಿಡದ ಕಿಣ್ವಗಳಿಗೂ ಬೇಗ ಸಿಕ್ಕಿ ಹಾಳಾಗುತ್ತದೆ. ಅದರಂತೆಯೇ ಗ್ರಾಹಕಕ್ಕೆ ಕೂರುವ, ಹೆಚ್ಚು ಹೊತ್ತು ಬಾಳುವ ಕೃತಕ ಅಣುಗಳನ್ನು ವಿಜ್ಞಾನಿಗಳು ತಯಾರಿಸಿದ್ದಾರೆ. 2019ರಲ್ಲಿ ಪ್ರಕಟವಾದ ಓಪಬ್ಯಾಕ್ಟಿನ್ ಅವುಗಳಲ್ಲಿ ಒಂದು. ವಿಜ್ಞಾನವಾಗಿ ಇದು ಅದ್ಭುತ. ಆದರೆ ಹೊಲದಲ್ಲಿ ಎಲ್ಲ ತೆಂಡೆಗಳೂ, ಅಂದರೆ ಒಂದೇ ಬುಡದಿಂದ ಒಡೆದ ಕವಲುಗಳೂ, ಒಂದೇ ದಿನ ಹೊಡೆಯಾಗುವುದಿಲ್ಲ. ಒಂದು ತೆಂಡೆಯ ಹಾಲುಗಾಳಿಗೆ ಒಳಿತಾದ ಸಿಂಪಡಣೆ, ಪಕ್ಕದ ತೆಂಡೆಯ ಎಳೆಪರಾಗಕ್ಕೆ ಕೇಡಾಗಬಹುದು. ಹಂತ ನೋಡದೆ ಹಾರ್ಮೋನು ಸುರಿಯುವುದನ್ನು ನಾನಂತೂ ಒಪ್ಪಲಾರೆ.

ನೀರು ಕೊಡುವ ಕ್ರಮದಲ್ಲಿ ಮಾತ್ರ ಈ ತಿಳಿವಳಿಕೆ ನೇರವಾಗಿ ಗದ್ದೆಗೆ ಇಳಿದಿದೆ. ಭತ್ತಕ್ಕೆ ಸದಾ ನೀರು ನಿಲ್ಲಿಸುವ ಬದಲು ಆಗಾಗ ಒಣಗಲು ಬಿಟ್ಟು ಮತ್ತೆ ಹಾಯಿಸುವ ವಿಧಾನವನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಹಳ ಸರಳವಾದ ಸಾಧನದೊಂದಿಗೆ ಹೇಳಿಕೊಡುತ್ತದೆ. ಗದ್ದೆಯಲ್ಲಿ ತೂತು ಕೊರೆದ ಒಂದು ಕೊಳವೆಯನ್ನು ಹೂಳುವುದು, ಒಳಗಿನ ಮಣ್ಣು ತೆಗೆದು ನೀರಿನ ಮಟ್ಟ ಇಣುಕಿ ನೋಡುವುದು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ಹಾಯಿಸುವುದು. ಆ ಮಟ್ಟದವರೆಗೆ ಬೇರಿಗೆ ತೇವ ಸಿಗುತ್ತಲೇ ಇರುತ್ತದೆ. ಆದರೆ ಹೂ ಬರುವ ಒಂದು ವಾರ ಮೊದಲಿನಿಂದ ಒಂದು ವಾರ ಆಮೇಲಿನವರೆಗೆ ಕೊಳವೆ ಏನೇ ಹೇಳಲಿ, ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತಿರಬೇಕು. ಆ ಎರಡು ವಾರ ದಾಟಿ ಕಾಳು ಹಾಲುಗಟ್ಟತೊಡಗಿದ ಮೇಲೆ, ಕೊಳವೆ ನೋಡಿ ಒಣಗಿಸುವ ಕ್ರಮ ಮತ್ತೆ ಶುರು.